ಕಲಬುರಗಿ ಬಿಸಿಲಿನಲ್ಲಿ ಫೈಟರ್ ಮೀನು ಸಾಕುವ ಬಗೆ

ಅಂಗಡಿಯಲ್ಲಿ ಫೈಟರ್ ಮೀನನ್ನು ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾರುತ್ತಾರೆ. ನೋಡಿದವರು ಇದಕ್ಕೆ ಇಷ್ಟೇ ನೀರು ಸಾಕು ಎಂದುಕೊಂಡು ತಂದು, ಗಾಜಿನ ಬೋಗುಣಿಗೆ ಹಾಕಿ ಟಿವಿ ಪಕ್ಕ ಇಡುತ್ತಾರೆ. ಫೆಬ್ರವರಿ ಮುಗಿಯುವವರೆಗೆ ಹೇಗೋ ನಡೆಯುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 42–43 ಡಿಗ್ರಿ ಆದಾಗ ಎರಡು ಲೀಟರ್ ನೀರು ಮಧ್ಯಾಹ್ನದೊಳಗೆ ಕಾದುಬಿಡುತ್ತದೆ, ಮೀನು ಸಂಜೆ ನೋಡುವುದಿಲ್ಲ.

ಫೈಟರ್, ಅಂದರೆ ಬೆಟ್ಟಾ, ಥಾಯ್ಲೆಂಡಿನ ಮೀನು. ಆ ದೇಶ 2019ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಭತ್ತದ ಗದ್ದೆ, ಹುಲ್ಲು ಬೆಳೆದ ಆಳವಿಲ್ಲದ ನೀರು ಅದರ ನೆಲೆ. ಅಂಥ ನೀರಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಅದಕ್ಕೆ ಕಿವಿರಿನ ಜೊತೆಗೆ ಲ್ಯಾಬಿರಿಂತ್ ಎಂಬ ಇನ್ನೊಂದು ಅಂಗವಿದೆ. ಮೇಲೆ ಬಂದು ಬಾಯಿಂದ ಗಾಳಿ ಗುಟುಕರಿಸಿ ಉಸಿರಾಡುತ್ತದೆ. ಡಬ್ಬಿಯಲ್ಲಿ ಬದುಕಿರುವುದು ಈ ಅಂಗದಿಂದಲೇ. ಆದರೆ ಕಾದ ನೀರಿನಿಂದಾಗಲಿ, ತನ್ನದೇ ಹೊಲಸಿನಿಂದ ಹುಟ್ಟುವ ಅಮೋನಿಯಾದಿಂದಾಗಲಿ ಅದನ್ನು ಈ ಅಂಗ ಕಾಪಾಡಲಾರದು. ಕಲಬುರಗಿ, ಯಾದಗಿರಿ ಕಡೆ ಈ ಎರಡೂ ಒಟ್ಟಿಗೆ ಬರುತ್ತವೆ.

ಟ್ಯಾಂಕ್ ಮತ್ತು ಜಾಗ

18 ಇಂಚು ಉದ್ದ, 10 ಇಂಚು ಅಗಲ, 10 ಇಂಚು ಎತ್ತರದ ಗಾಜಿನ ಟ್ಯಾಂಕ್ ಮಾಡಿಸಿ. ಮೇಲೆ ಒಂದೂವರೆ ಇಂಚು ಖಾಲಿ ಬಿಟ್ಟರೂ ಸುಮಾರು 25 ಲೀಟರ್ ನೀರು ಹಿಡಿಯುತ್ತದೆ. 10 ಲೀಟರ್‌ಗಿಂತ ಕಡಿಮೆ ಬೇಡವೇ ಬೇಡ. ನೀರು ಹೆಚ್ಚಿದ್ದಷ್ಟೂ ನಿಧಾನ ಕಾಯುತ್ತದೆ, ನಿಧಾನ ಕೆಡುತ್ತದೆ. ನೀರು, ಗಾಜು, ಮರಳು ಸೇರಿ 35 ಕಿಲೋ ಹತ್ತಿರ ಭಾರ ಆಗುವುದರಿಂದ ತೆಳು ಪ್ಲೈವುಡ್ ಸ್ಟ್ಯಾಂಡ್ ನಂಬಬೇಡಿ. ಗೋಡೆಗೆ ಕೂರಿಸಿದ ಫರಶಿ ಹಲಗೆ ಗಟ್ಟಿ ಇರುತ್ತದೆ. ಅದರ ಮೇಲೆ ಅರ್ಧ ಇಂಚಿನ ಥರ್ಮಾಕೋಲ್ ಹಾಸಿ ಟ್ಯಾಂಕ್ ಇಡಿ. ಇಲ್ಲದಿದ್ದರೆ ಕಲ್ಲಿನ ಏರುತಗ್ಗಿಗೆ ತಳದ ಗಾಜು ಸೀಳುತ್ತದೆ.

ಪಶ್ಚಿಮದ ಗೋಡೆಗೆ ತಾಗಿಸಬೇಡಿ. ಮಧ್ಯಾಹ್ನದಿಂದ ಕಾಯುವ ಆ ಗೋಡೆ ರಾತ್ರಿ ಹತ್ತರವರೆಗೂ ಶಾಖ ಬಿಡುತ್ತದೆ. ತಗಡಿನ ಮನೆಯಾದರೆ ಮೂಲೆಯ ಕೆಳಗಿನ ಜಾಗ ಮೇಲಿನದಕ್ಕಿಂತ ತಂಪು. ಅಡುಗೆಮನೆ ಬೇಡ, ದೇವರ ಕೋಣೆಯೂ ಬೇಡ. ಊದಿನಕಡ್ಡಿ, ಲೋಬಾನದ ಹೊಗೆ, ಸೊಳ್ಳೆ ಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ ಎಲ್ಲವೂ ಈ ಮೀನಿಗೆ ಬೇರೆ ಮೀನಿಗಿಂತ ಹೆಚ್ಚು ಅಪಾಯ, ಏಕೆಂದರೆ ಇದು ಕೋಣೆಯ ಗಾಳಿಯನ್ನೇ ಉಸಿರಾಡುತ್ತದೆ. ಏರ್ ಪಂಪ್ ಕೂಡ ಅದೇ ಹೊಗೆಯನ್ನು ಎಳೆದು ನೀರಿಗೆ ತಳ್ಳುತ್ತದೆ. ಹೊಗೆ ಹಾಕುವ ದಿನ ಪಂಪ್ ಆರಿಸಿ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ; ಹೊಗೆ ಪೂರ್ತಿ ಹೋದ ಮೇಲೆ ತೆಗೆಯಿರಿ.

ತಳಕ್ಕೆ ಒಂದು ಇಂಚು ಮರಳು ಅಥವಾ ಸಣ್ಣ ಕಪ್ಪು ಜಲ್ಲಿ ಸಾಕು. ಹಾಕುವ ಮೊದಲು ಒಂದು ಹಿಡಿ ಬಟ್ಟಲಿಗೆ ಹಾಕಿ ಎರಡು ಚಮಚ ವಿನೆಗರ್ ಸುರಿದು ನೋಡಿ. ಬುರುಬುರು ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಅದು ದಿನದಿನಕ್ಕೂ ಕರಗಿ ನೀರನ್ನು ಇನ್ನಷ್ಟು ಸವಳು ಮಾಡುತ್ತದೆ. ಅಂಗಳದಲ್ಲಿ ಬಿದ್ದಿರುವ ಶಹಾಬಾದ್ ಕಲ್ಲಿನ ಚೂರು ಚೆಂದ ಕಾಣುತ್ತದೆಂದು ಅಲಂಕಾರಕ್ಕೆ ಹಾಕಬೇಡಿ, ಅದು ಸುಣ್ಣದ ಕಲ್ಲೇ. ಬಿಳಿ ಮಾರ್ಬಲ್ ಚಿಪ್ಸ್ ಕೂಡ ಹಾಗೆಯೇ.

ನೀರು

ಬೋರ್‌ವೆಲ್ ನೀರಲ್ಲಿ ತೊಗರಿ ಬೇಳೆ ಸರಿಯಾಗಿ ಬೇಯದ, ನಲ್ಲಿಯ ಬಾಯಿಗೆ ಬಿಳಿ ಸುಣ್ಣ ಕಟ್ಟುವ ಮನೆ ನಿಮ್ಮದಾದರೆ ಆ ನೀರನ್ನು ನೇರವಾಗಿ ಹಾಕಬೇಡಿ. ಬೆಟ್ಟಾಕ್ಕೆ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ; 7 ಎಂದರೆ ಎರಡೂ ಅಲ್ಲ) 6.5ರಿಂದ 7.5 ಒಳ್ಳೆಯದು, ನಿಧಾನವಾಗಿ ಒಗ್ಗಿಸಿದರೆ 8ರಲ್ಲೂ ಇರುತ್ತದೆ. ತೊಂದರೆ ಪಿಎಚ್ ಒಂದರಿಂದಲೇ ಅಲ್ಲ, ಅಮೋನಿಯಾ ಜೊತೆ ಸೇರಿದಾಗ ಬರುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಇರುವ ಅಮೋನಿಯಾದಲ್ಲಿ ವಿಷದ ರೂಪದ್ದು ಶೇ. 0.6ರಷ್ಟು ಮಾತ್ರ. ಪಿಎಚ್ 8 ಆದರೆ ಅದು ಶೇ. 5 ದಾಟುತ್ತದೆ, ನೀರು ಕಾದಷ್ಟೂ ಇನ್ನೂ ಏರುತ್ತದೆ. ಬೇರೆ ಊರಲ್ಲಿ ಮೀನು ತಡೆದುಕೊಳ್ಳುವಷ್ಟೇ ಹೊಲಸು ನಮ್ಮ ಸವಳು ನೀರಿನ ಬೇಸಿಗೆಯಲ್ಲಿ ಕಿವಿರು ಸುಡುವುದು ಹೀಗೆ.

ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಒಂದನ್ನು ಕೊಳ್ಳಿ, ಪೆನ್ನಿನಷ್ಟೇ ಇರುತ್ತದೆ. 150ರಿಂದ 400ರ ಒಳಗಿದ್ದರೆ ಚಿಂತೆಯಿಲ್ಲ. ಬೋರ್ ನೀರು 800 ತೋರಿಸಿದರೆ, ಕುಡಿಯಲು ತರುವ ಆರ್‌ಓ ಕ್ಯಾನ್ ನೀರಿನೊಂದಿಗೆ ಬೆರೆಸಿ: ಒಂದು ಪಾಲು ಬೋರ್, ಎರಡು ಪಾಲು ಆರ್‌ಓ. ಬರೀ ಆರ್‌ಓ ನೀರು ಹಾಕಬಾರದು. ಅದರಲ್ಲಿ ಲವಣ ತೀರಾ ಕಡಿಮೆ ಇರುವುದರಿಂದ ಪಿಎಚ್ ಒಂದು ವಾರ ಹೀಗೆ, ಒಂದು ವಾರ ಹಾಗೆ ಜಾರುತ್ತದೆ. ಆರ್‌ಓ ಯಂತ್ರದ ಹೊರಹೋಗುವ ಪೈಪಿನ ನೀರು ಬೋರ್ ನೀರಿಗಿಂತಲೂ ಸವಳು, ಅದನ್ನು ಬಳಸಬೇಡಿ. ಮಳೆಗಾಲದಲ್ಲಿ ಕೆಂಪಗೆ ಬರುವ ನಲ್ಲಿ ನೀರಿಗೆ ಪಟಿಕ ತಿರುವಿ ತಿಳಿ ಮಾಡುವ ರೂಢಿ ಮನೆಗಳಲ್ಲಿದೆ. ಪಾತ್ರೆ ತೊಳೆಯಲು ಸರಿ, ಮೀನಿಗೆ ಆ ನೀರು ಬೇಡ: ಪಟಿಕ ಪಿಎಚ್ಚನ್ನು ಇಳಿಸುತ್ತದೆ, ಅದರ ಅಲ್ಯೂಮಿನಿಯಂ ಕಿವಿರಿಗೆ ಪೆಟ್ಟು.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ 24 ಗಂಟೆ ತೆರೆದಿಡಿ, ಇಲ್ಲವೇ ಅಂಗಡಿಯ ಆಂಟಿಕ್ಲೋರಿನ್ ಹನಿಯನ್ನು ಬಾಟಲಿಯ ಮೇಲೆ ಬರೆದ ಲೆಕ್ಕಕ್ಕೆ ಹಾಕಿ. ಬೋರ್ ನೀರನ್ನೂ ಒಂದು ರಾತ್ರಿ ಹೊರಗಿಡಿ, ಕರಗಿದ ಗಾಳಿ ಹೊರಹೋಗಲಿ. ಮಾಳಿಗೆ ಮೇಲಿನ ಟಾಕಿಯ ನೀರನ್ನು ಬೇಸಿಗೆಯಲ್ಲಿ ಬೆಳಗಿನ ಆರರೊಳಗೆ ಹಿಡಿದಿಟ್ಟುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಅದೇ ನಲ್ಲಿಯಲ್ಲಿ ಕೈ ಇಡಲಾಗದ ನೀರು ಬರುತ್ತದೆ.

ಮೀನಿಗೆ ಮೊದಲು ಫಿಲ್ಟರ್ ಪಳಗಬೇಕು

ಸಣ್ಣ ಏರ್ ಪಂಪ್‌ಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಈ ಮೀನಿಗೆ ಹೇಳಿ ಮಾಡಿಸಿದ್ದು. ನೀರು ರಭಸವಾಗಿ ಎಳೆಯುವ ಫಿಲ್ಟರ್‌ಗೆ ಉದ್ದ ರೆಕ್ಕೆ ಸಿಕ್ಕಿ ಹರಿಯುತ್ತದೆ. ಪಂಪ್ ಮತ್ತು ಟ್ಯಾಂಕ್ ನಡುವಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದೆ ಹರಿದು ಪಂಪ್ ಸುಡುವುದು, ನೆಲ ತೋಯುವುದು ಎರಡೂ ತಪ್ಪುತ್ತದೆ. ಈ ಪಂಪ್ ತಿನ್ನುವುದು 3–5 ವ್ಯಾಟ್ ಮಾತ್ರ, ಇನ್ವರ್ಟರ್ ಲೈನಿಗೆ ಕೊಡಿ.

ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿ, ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಟ್ಯಾಂಕ್ ತುಂಬಿಸಿ, ಫಿಲ್ಟರ್ ಹಚ್ಚಿ, ಮೀನಿಲ್ಲದೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆ ಆಗಿ ನೈಟ್ರೇಟ್ ಮಾತ್ರ ಕಂಡ ದಿನ ಮೀನು ತರಬಹುದು. ಹಳೆಯ ಟ್ಯಾಂಕ್ ಇರುವ ಗೆಳೆಯರಿಂದ ಬಳಸಿದ ಸ್ಪಂಜ್ ಸಿಕ್ಕರೆ ಕಾಯುವ ಕಾಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆ ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬೇಡಿ, ಕ್ಲೋರಿನ್ ಅದರ ಜೀವವನ್ನೇ ತೆಗೆಯುತ್ತದೆ. ಯಾವಾಗ ತೊಳೆದರೂ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.

ಒಂದು ಟ್ಯಾಂಕಿಗೆ ಒಂದೇ ಮೀನು. ಎರಡು ಗಂಡು ಸೇರಿದರೆ ಹರಿದು ಕೊಲ್ಲುತ್ತವೆ. ಹೆಣ್ಣನ್ನೂ ಖಾಯಂ ಜೊತೆಗೆ ಬಿಡುವಂತಿಲ್ಲ. ಮೊದಲ ಸಲ ಸಾಕುವವರು ಗಿಡ್ಡ ರೆಕ್ಕೆಯ ಪ್ಲಾಕಾಟ್ ಕೊಳ್ಳುವುದು ಜಾಣತನ. ಹಾಫ್‌ಮೂನ್‌ನ ಭಾರದ ಬಾಲ ಚೆಂದ, ಆದರೆ ಬೇಗ ಹರಿಯುತ್ತದೆ, ಬೇಗ ಕೊಳೆಯುತ್ತದೆ. ಅಂಗಡಿಯಲ್ಲಿ ಡಬ್ಬಿಯ ಮುಂದೆ ಬೆರಳು ಆಡಿಸಿದಾಗ ತಿರುಗಿ ನೋಡಬೇಕು, ರೆಕ್ಕೆ ಬಿಚ್ಚಬೇಕು. ತಳದಲ್ಲಿ ವಾಲಿ ಮಲಗಿದ್ದನ್ನು ಕನಿಕರಪಟ್ಟು ತಂದರೆ ಹೆಚ್ಚಾಗಿ ಉಳಿಯುವುದಿಲ್ಲ.

ಹೈದರಾಬಾದ್‌ನಿಂದ ರೈಲಿನಲ್ಲಿ ತರುವುದಾದರೆ ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ ಇರಲಿ. ಮನೆಗೆ ಬಂದ ಮೇಲೆ ಚೀಲವನ್ನು ಟ್ಯಾಂಕಿನಲ್ಲಿ 15 ನಿಮಿಷ ತೇಲಿಸಿ. ಆಮೇಲೆ ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕ್ ನೀರು ಸೇರಿಸುತ್ತಾ ಅರ್ಧ ಗಂಟೆ ಒಗ್ಗಿಸಿ. ಕೊನೆಗೆ ಮೀನನ್ನು ಲೋಟದಲ್ಲಿ ಎತ್ತಿ ಬಿಡಿ, ಚೀಲದ ನೀರು ಚೆಲ್ಲಿ. ಆ ದಿನ ಊಟ ಹಾಕಬೇಡಿ.

ಏಪ್ರಿಲ್, ಮೇ

ಮೀನಿಗೆ 24ರಿಂದ 28 ಡಿಗ್ರಿ ಹಿತ. 30 ಆದರೂ ಕೆಲದಿನ ತಡೆಯುತ್ತದೆ. 32 ದಾಟಿದರೆ ಕೈ ಕಟ್ಟಿ ಕೂರಬೇಡಿ. ಗಾಜಿಗೆ ಅಂಟಿಸುವ ಥರ್ಮಾಮೀಟರ್ ಹೊರಗಿನ ಗಾಳಿಯನ್ನೇ ಹೆಚ್ಚು ಅಳೆಯುತ್ತದೆ, ನೀರಲ್ಲಿ ಮುಳುಗುವಂಥದ್ದನ್ನೇ ತನ್ನಿ.

ನಮ್ಮ ಬಿಸಿಲು ಒಣ ಬಿಸಿಲು, ಅದೇ ನಮಗೆ ಅನುಕೂಲ. ಹರವಿಯ ನೀರು ತಂಪಾಗುವ ರೀತಿಯಲ್ಲೇ ಟ್ಯಾಂಕನ್ನೂ ತಂಪು ಮಾಡಬಹುದು. ಗಾಜಿನ ಮುಚ್ಚಳ ತೆಗೆದು, ಸೊಳ್ಳೆ ಪರದೆಯ ಜಾಳಿಗೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು ಮುಚ್ಚಿ. ಮುಚ್ಚದೆ ಬಿಟ್ಟರೆ ಮೀನು ಹಾರಿ ನೆಲಕ್ಕೆ ಬೀಳುತ್ತದೆ. ಯುಎಸ್‌ಬಿ ಸಣ್ಣ ಫ್ಯಾನ್ ಒಂದನ್ನು ಟ್ಯಾಂಕಿನ ಅಂಚಿಗೆ ಸಿಕ್ಕಿಸಿ, ಗಾಳಿ ನೀರಿನ ಮೇಲ್ಮೈ ಸವರಿಕೊಂಡು ಹೋಗುವಂತೆ ಓರೆ ಮಾಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಕೂಲರ್ ಇರುವ ಕೋಣೆಯಲ್ಲೇ ಟ್ಯಾಂಕ್ ಇಡಿ, ಆದರೆ ಅದರ ಗಾಳಿ ನೇರವಾಗಿ ಬೀಳದ ಕಡೆ. ಕಿಟಕಿ ಮುಚ್ಚಿ ಕೂಲರ್ ಹಚ್ಚಿದರೆ ಕೋಣೆಯ ತೇವ ಏರಿ ಸಣ್ಣ ಫ್ಯಾನ್ ಕೆಲಸ ಮಾಡುವುದಿಲ್ಲ, ಒಂದು ಕಿಟಕಿ ತೆರೆದಿರಲಿ.

ಹೀಗೆ ಮಾಡಿದಾಗ ದಿನಕ್ಕೆ ಅರ್ಧ ಲೀಟರ್ ಅಥವಾ ಹೆಚ್ಚು ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಸುಣ್ಣ, ಉಪ್ಪು ಅಲ್ಲೇ ಉಳಿಯುತ್ತವೆ. ಕಡಿಮೆಯಾದಷ್ಟಕ್ಕೆ ಬೋರ್ ನೀರು ತುಂಬುತ್ತಾ ಹೋದರೆ ತಿಂಗಳಲ್ಲಿ ಟಿಡಿಎಸ್ ಮೇಲೇರಿರುತ್ತದೆ, ಗಾಜಿನ ಅಂಚಿಗೆ ಬಿಳಿ ಗೆರೆ ಕಟ್ಟಿರುತ್ತದೆ. ಆದ್ದರಿಂದ ಆವಿಯಾದ ಜಾಗಕ್ಕೆ ಬರೀ ಆರ್‌ಓ ನೀರು ಹಾಕಿ. ಇದೊಂದೇ ಕಡೆ ಬರೀ ಆರ್‌ಓ ಸರಿ.

ಐಸ್ ತುಂಡು ನೇರ ಹಾಕಬೇಡಿ. ಶಾಖ ಏಕಾಏಕಿ ಕುಸಿದರೆ ಮೀನು ಬಳಲಿ ಬಿಳಿ ಚುಕ್ಕೆ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ತೀರಾ ಅನಿವಾರ್ಯವಾದರೆ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಾಯಿ ಬಿಗಿದು ತೇಲಿಸಿ, ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ನೋಡಿ ತೆಗೆಯಿರಿ.

ಡಿಸೆಂಬರ್, ಜನವರಿಯ ಕತೆ ಉಲ್ಟಾ. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿ ಚಳಿ ಇನ್ನೂ ಹೆಚ್ಚು. 25 ಲೀಟರ್‌ಗೆ 50 ವ್ಯಾಟ್ ಹೀಟರ್ ಹಾಕಿ 26ಕ್ಕೆ ಇಡಿ, ಜಾಳಿಗೆ ತೆಗೆದು ಗಾಜಿನ ಮುಚ್ಚಳ ಹಾಕಿ. ಮೀನು ಗುಟುಕರಿಸುವ ಗಾಳಿಯೂ ಬೆಚ್ಚಗಿರಬೇಕು. ನೀರು ಬದಲಿಸುವಾಗ ಮೊದಲು ಪ್ಲಗ್ ಕೀಳಿ. ಬಿಸಿ ಹೀಟರ್ ನೀರಿನ ಹೊರಗೆ ಬಂದರೆ ಗಾಜು ಸಿಡಿಯುತ್ತದೆ.

ಊಟ, ವಾರದ ಕೆಲಸ

ಮೀನಿನ ಹೊಟ್ಟೆ ತೀರಾ ಚಿಕ್ಕದು. ಒಂದು ಮಿಲಿಮೀಟರ್ ಗಾತ್ರದ ಬೆಟ್ಟಾ ಪೆಲೆಟ್ ಬೆಳಗ್ಗೆ ಮೂರು, ಸಂಜೆ ಮೂರು. ವಾರಕ್ಕೊಂದು ದಿನ ಉಪವಾಸ. ಮಕ್ಕಳು ಬಂದವರೆಲ್ಲ ಒಂದೊಂದು ಚಿಟಿಕೆ ಹಾಕುವುದರಿಂದಲೇ ಹೆಚ್ಚು ಮೀನು ಸಾಯುತ್ತವೆ, ದಿನದ ಆರು ಕಾಳನ್ನು ಎಣಿಸಿ ಸಣ್ಣ ಡಬ್ಬಿಯಲ್ಲಿ ಇಟ್ಟುಬಿಡಿ. ಇದು ಮಾಂಸಾಹಾರಿ ಮೀನು. ಚುರುಮುರಿ, ಅನ್ನ, ಬ್ರೆಡ್ ಅದಕ್ಕೆ ಆಹಾರವಲ್ಲ. ಒಡೆದ ಪೆಲೆಟ್ ಪೊಟ್ಟಣ ನಮ್ಮ ಸೆಕೆಗೆ ಬೇಗ ಕಮಟು ಹಿಡಿಯುತ್ತದೆ, ಚಿಕ್ಕದನ್ನೇ ತಂದು ಫ್ರಿಜ್‌ನಲ್ಲಿಡಿ. ಊರಿಗೆ ಹೋಗಬೇಕಾದರೆ ನಾಲ್ಕೈದು ದಿನ ಊಟವಿಲ್ಲದೆ ಇರುತ್ತದೆ, ಪಕ್ಕದ ಮನೆಯವರಿಗೆ ಪೊಟ್ಟಣ ಕೊಟ್ಟು ಹೋಗುವುದಕ್ಕಿಂತ ಅದೇ ವಾಸಿ.

ವಾರಕ್ಕೊಮ್ಮೆ ಆರು ಲೀಟರ್ ನೀರನ್ನು ಸೈಫನ್ ಪೈಪಿನಿಂದ ತಳದ ಹೊಲಸಿನ ಸಮೇತ ಎಳೆದು, ಅಷ್ಟೇ ಶಾಖದ, ಮೊದಲೇ ಬೆರೆಸಿಟ್ಟ ನೀರನ್ನು ನಿಧಾನ ಸುರಿಯಿರಿ. ಇಡೀ ಟ್ಯಾಂಕ್ ಖಾಲಿ ಮಾಡಿ ಸೋಪು ಹಾಕಿ ತಿಕ್ಕುವುದು ಮೀನಿಗೂ ಕೇಡು, ಬ್ಯಾಕ್ಟೀರಿಯಾಕ್ಕೂ ಕೇಡು. ಮನಿ ಪ್ಲ್ಯಾಂಟಿನ ಬೇರು ನೀರಲ್ಲಿ, ಎಲೆ ಹೊರಗೆ ಇರುವಂತೆ ಇಟ್ಟರೆ ನೈಟ್ರೇಟ್ ಹೀರಿಕೊಳ್ಳುತ್ತದೆ.

ರಸ್ತೆ ಬದಿ, ಶಾಲೆ ಅಂಗಳದಲ್ಲಿ ನೆರಳಿಗೆ ನೆಟ್ಟಿರುವ ಕಾಡು ಬಾದಾಮಿಯ ಅಗಲ ಎಲೆ ಬೆಟ್ಟಾಕ್ಕೆ ಒಳ್ಳೆಯದು. ಚಳಿಗಾಲದಲ್ಲಿ ಕೆಂಪಾಗಿ ತಾನೇ ಉದುರಿ ಒಣಗಿದ್ದನ್ನು, ಔಷಧಿ ಸಿಂಪಡಿಸದ ಗಿಡದ್ದನ್ನು ಆರಿಸಿ, ತೊಳೆದು, ಒಣಗಿಸಿಟ್ಟುಕೊಳ್ಳಿ. ಒಂದು ಎಲೆ ಹಾಕಿದರೆ ನೀರು ತಿಳಿ ಚಹಾದ ಬಣ್ಣಕ್ಕೆ ಬರುತ್ತದೆ, ಗಾಯ ಕೊಳೆಯುವುದು ಕಡಿಮೆಯಾಗುತ್ತದೆ. ಮೂರು ವಾರಕ್ಕೆ ಬದಲಿಸಿ. ಸವಳು ನೀರಿನ ಪಿಎಚ್ಚನ್ನು ಇದು ಇಳಿಸುತ್ತದೆಂದು ಮಾತ್ರ ನಂಬಬೇಡಿ; ಅಷ್ಟು ಸುಣ್ಣದ ಎದುರು ಒಂದು ಎಲೆಯ ಹುಳಿ ಏನೂ ಮಾಡದು.

ಕೆಟ್ಟಾಗ

ರೆಕ್ಕೆಯ ಅಂಚು ಕಪ್ಪಾಗಿ ಚಿಂದಿಯಾದರೆ ಕೊಳೆ ರೋಗ. ಎರಡು ದಿನಕ್ಕೊಮ್ಮೆ ಎಂಟು ಲೀಟರ್ ನೀರು ಬದಲಿಸಿ, ಲೀಟರ್‌ಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ, ಹತ್ತು ದಿನ ಸಾಕು. ಉಪ್ಪು ಆವಿಯಾಗುವುದಿಲ್ಲ, ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಸೇರಿಸಿ. ಹೊಸ ರೆಕ್ಕೆ ಬೆಳೆಯುವಾಗ ಅಂಚು ಪಾರದರ್ಶಕವಾಗಿ ಕಾಣುತ್ತದೆ. ಮೈಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ ಬಂದರೆ ಎರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಲೀಟರ್‌ಗೆ ಎರಡು ಗ್ರಾಂ ಉಪ್ಪು ಹಾಕಿ, ಚುಕ್ಕೆ ಮಾಯವಾದರೂ ನಿಲ್ಲಿಸದೆ ಒಟ್ಟು ಹತ್ತು ದಿನ ಮುಂದುವರಿಸಿ. ಈ ರೋಗ ತರುವ ಪರಾವಲಂಬಿ ಜೀವಿ ಮೀನಿನ ಮೈಬಿಟ್ಟು ನೀರಲ್ಲಿ ಈಜುವಾಗಷ್ಟೇ ಸಾಯುತ್ತದೆ. ಟಾರ್ಚ್ ಬೆಳಕಲ್ಲಿ ಬಂಗಾರದ ಧೂಳಿನಂತೆ ಕಂಡರೆ ಅದು ವೆಲ್ವೆಟ್ ಎಂಬ ರೋಗ, ಅಂಗಡಿಯ ಔಷಧಿ ಬೇಕು.

ಹೊಟ್ಟೆ ಉಬ್ಬಿ ಓರೆಯಾಗಿ ತೇಲಿದರೆ ಎರಡು ದಿನ ಊಟ ನಿಲ್ಲಿಸಿ. ಹೆಚ್ಚಾಗಿ ಅಷ್ಟರಲ್ಲೇ ಸರಿಹೋಗುತ್ತದೆ. ಉಬ್ಬಿದ ಹೊಟ್ಟೆಯ ಜೊತೆಗೆ ಹುರುಪೆಗಳು ಸೀತಾಫಲದ ಸಿಪ್ಪೆಯಂತೆ ಎದ್ದು ನಿಂತರೆ ಒಳಗಿನ ಅಂಗ ಕೆಟ್ಟಿರುತ್ತದೆ, ಉಳಿಯುವುದು ಬಹಳ ಅಪರೂಪ. ಮೀನು ಮೇಲೆಯೇ ನಿಂತು ಬಿಡದೆ ಗುಟುಕರಿಸುತ್ತಾ ಕಿವಿರು ಕೆಂಪಾಗಿದ್ದರೆ ಔಷಧಿ ಹುಡುಕಬೇಡಿ, ಮೊದಲು ಅಮೋನಿಯಾ ನೋಡಿ, ಕೂಡಲೇ ಅರ್ಧ ನೀರು ಬದಲಿಸಿ.

ಮೇಲ್ಮೈಯಲ್ಲಿ ಒಂದು ಮೂಲೆಗೆ ಸಣ್ಣ ನೊರೆಗುಳ್ಳೆಗಳ ರಾಶಿ ಕಂಡರೆ ಗಾಬರಿ ಬೇಡ, ಒರೆಸಿ ತೆಗೆಯಲೂ ಬೇಡಿ. ಅದು ಗಂಡು ಮೀನು ಮೊಟ್ಟೆಗೆಂದು ಬಾಯಿಂದ ಕಟ್ಟಿದ ಗೂಡು, ಹೆಣ್ಣಿಲ್ಲದಿದ್ದರೂ ಕಟ್ಟುತ್ತದೆ.