ಸೊಸೈಟಿಯ ಇವಿ ಚಾರ್ಜರ್‌ಗೆ ತಾಮ್ರ ಎಷ್ಟು, ಎಲ್ಲಿ ಹಾಕಬೇಕು

ಮುಂಬಯಿ, ಪುಣೆಯ ಸೊಸೈಟಿಗಳಲ್ಲಿ ಪಾರ್ಕಿಂಗ್‌ಗೆ ಇವಿ ಚಾರ್ಜರ್ ಹಾಕಿಸುವಾಗ ಎಲ್ಲಕ್ಕಿಂತ ಹೆಚ್ಚು ಚೌಕಾಸಿ ನಡೆಯುವುದು ಕೇಬಲ್ ಮೇಲೆ. ತಾಮ್ರ ಅಗ್ಗವಾಗಲಿ, ಆಮೇಲೆ ನೋಡೋಣ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಪೆಟ್ರೋಲ್ ಕಾರಿಗಿಂತ ಇವಿ ಕಾರಿಗೆ ಎರಡು–ಮೂರು ಪಟ್ಟು ತಾಮ್ರ ಬೇಕು. ಸೋಲಾರ್, ಗಾಳಿಯಂತ್ರ, ಟ್ರಾನ್ಸ್‌ಫಾರ್ಮರ್‌ಗಳ ಬೇಡಿಕೆ ಬೇರೆ. ಅದಿರು ಪತ್ತೆಯಾಗಿ ಗಣಿಯಿಂದ ತಾಮ್ರ ಹೊರಬರಲು ಹದಿನೈದು ವರ್ಷ ಸಲೀಸಾಗಿ ಹಿಡಿಯುತ್ತದೆ, ಚಿಲಿಯ ಹಳೆಯ ಗಣಿಗಳಲ್ಲಿ ಅದಿರಿನ ಗುಣಮಟ್ಟವೂ ಇಳಿಯುತ್ತಿದೆ. ನಮ್ಮ ಚಿತ್ರದುರ್ಗದ ಇಂಗಳದಾಳು ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. 2018ರಲ್ಲಿ ತೂತ್ತುಕುಡಿಯ ಕರಗಿಸುವ ಕಾರ್ಖಾನೆ ನಿಂತ ಮೇಲೆ ಭಾರತ ಶುದ್ಧ ತಾಮ್ರವನ್ನು ರಫ್ತಿಗಿಂತ ಹೆಚ್ಚಾಗಿ ಆಮದು ಮಾಡಿಕೊಳ್ಳುವ ದೇಶವಾಯಿತು. ಹಾಗಾಗಿ ಇರುವ ತಾಮ್ರವನ್ನು ಲೆಕ್ಕ ಹಾಕಿ ಬಳಸುವುದೇ ದಾರಿ.

ಮೊದಲು ಸೈಜ್ ನಿರ್ಧರಿಸಿ. 7.4 ಕಿಲೋವ್ಯಾಟ್‌ನ ಸಿಂಗಲ್ ಫೇಸ್ ಚಾರ್ಜರ್ 32 ಆಂಪಿಯರ್ ಎಳೆಯುತ್ತದೆ. ಮೀಟರ್ ರೂಮಿನಿಂದ ಪಾರ್ಕಿಂಗ್ 40 ಮೀಟರ್ ಇದ್ದರೆ, 2 × 40 × 32 × 0.0206 ಗುಣಿಸಿ (2 ಎಂದರೆ ಹೋಗುವ, ಬರುವ ಎರಡು ತಂತಿ; 0.0206 ಬಿಸಿಯಾದ ತಾಮ್ರದ ರೋಧದ ಅಂಕಿ), ಕೇಬಲ್‌ನ ಚದರ ಮಿ.ಮೀ.ಯಿಂದ ಭಾಗಿಸಿ, ಬರುವುದೇ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲೇ ಕಳೆದುಹೋಗುವ ವೋಲ್ಟ್. 6 ಚದರ ಮಿ.ಮೀ.ಗೆ 8.8 ವೋಲ್ಟ್, 10ಕ್ಕೆ 5.3 ವೋಲ್ಟ್. ಶೇ. 3ರೊಳಗೆ, ಅಂದರೆ 7 ವೋಲ್ಟ್‌ನೊಳಗೆ ಇಟ್ಟುಕೊಳ್ಳಿ. 6ರ ಕೇಬಲ್ ಹೊತ್ತಿಕೊಳ್ಳುವುದೇನೂ ಇಲ್ಲ, ಆದರೆ ಚಾರ್ಜ್ ಆಗುವಷ್ಟು ಹೊತ್ತೂ 110 ವ್ಯಾಟ್‌ನಷ್ಟು ಹೆಚ್ಚುವರಿ ಬಿಸಿಯಾಗಿ ಪೋಲಾಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ 300 ದಿನಕ್ಕೆ ಸುಮಾರು 100 ಯೂನಿಟ್.

ಇನ್ನು ತೂಕ. ಒಂದು ಚದರ ಮಿ.ಮೀ. ತಾಮ್ರ ಮೀಟರಿಗೆ 8.96 ಗ್ರಾಂ. 10ರ ಎರಡು ಕೋರ್ (ಕೇಬಲ್ ಒಳಗಿನ ಒಂದೊಂದು ತಂತಿ), 40 ಮೀಟರ್: ಸುಮಾರು 7.2 ಕಿಲೋ. ಇದನ್ನು ಅಂದಿನ ಎಂಸಿಎಕ್ಸ್ (ಸರಕು ವಿನಿಮಯ ಮಾರುಕಟ್ಟೆ) ದರದಿಂದ ಗುಣಿಸಿ ಕೊಟೇಶನ್ ಪಕ್ಕದಲ್ಲಿಡಿ. ಕೇಬಲ್ ಬೆಲೆ ತಾಮ್ರದ ಬೆಲೆಗಿಂತಲೂ ಕಡಿಮೆ ಇದ್ದರೆ ಅದು ಡಿಸ್ಕೌಂಟ್ ಅಲ್ಲ, ಒಳಗೆ ತಾಮ್ರವೇ ಕಡಿಮೆ ಇದೆ. ಕೊಟೇಶನ್ ಎಷ್ಟು ದಿನ ಊರ್ಜಿತ ಎಂದೂ ಬರೆಸಿಕೊಳ್ಳಿ.

ತಾಮ್ರ ಎಲ್ಲ ಕಡೆಯೂ ಬೇಕೆಂದಿಲ್ಲ. ಉದ್ದದ ಓಟಕ್ಕೆ 16 ಚದರ ಮಿ.ಮೀ. ಅಲ್ಯೂಮಿನಿಯಂ ಸಾಕು, ಅದರ ರೋಧ ತಾಮ್ರಕ್ಕಿಂತ ಹೆಚ್ಚಾದ್ದರಿಂದ ಡ್ರಾಪ್ 5.4 ವೋಲ್ಟ್, ಅಂದರೆ 10ರ ತಾಮ್ರಕ್ಕೆ ಸಮಸಮ, ತೂಕ ಮೂರೂವರೆ ಕಿಲೋ. ಪೈಪ್ ಸ್ವಲ್ಪ ದಪ್ಪ ಬೇಕಾಗುತ್ತದೆ, ತಿರುವುಗಳಲ್ಲಿ ಬಗ್ಗಿಸುವುದು ಕಷ್ಟ. ಕರೆಂಟ್ ಪೂರ್ತಿ ಕಡಿಯುವ ಕೊನೆಯ ಸ್ವಿಚ್, ಅಂದರೆ ಐಸೋಲೇಟರ್‌ನಿಂದ ಚಾರ್ಜರ್‌ವರೆಗಿನ ತುಂಡು ಮಾತ್ರ ತಾಮ್ರದ್ದೇ ಆಗಿರಲಿ. ಕೆಲಸ ಕೆಡುವುದು ಇವೆರಡು ಕೂಡುವ ಜಾಗದಲ್ಲಿ. ತಾಮ್ರವನ್ನೂ ಅಲ್ಯೂಮಿನಿಯಮನ್ನೂ ನೇರ ಹೆಣೆದು ಟೇಪ್ ಸುತ್ತಿದರೆ, ಮುಂಬಯಿಯ ಮಳೆಗಾಲದ ತೇವದಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ರೋಧ ಏರುತ್ತದೆ, ಬಿಸಿ ಹೆಚ್ಚುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಬಿಸಿ ಮತ್ತೂ ಹೆಚ್ಚುತ್ತದೆ. ಬೈಮೆಟಾಲಿಕ್ ಲಗ್ (ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಜೋಡಣೆ ತುಂಡು) ಹಾಕಿ. ಅಲ್ಯೂಮಿನಿಯಂ ತುದಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಆಕ್ಸೈಡ್ ತಡೆಯುವ ಪೇಸ್ಟ್ ಹಚ್ಚಿ, ಸರಿಯಾದ ಡೈ ಇಟ್ಟು ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿಮಾಡಿ. ಸ್ಕ್ರೂಗಳನ್ನು ಟರ್ಮಿನಲ್ ಮೇಲೆ ಬರೆದ ತಿರುಚುವ ಬಲಕ್ಕೇ, ಅಂದರೆ ಟಾರ್ಕ್‌ಗೇ ಬಿಗಿಯಿರಿ; ಕೈ ಅಂದಾಜು ಇಲ್ಲಿ ನಡೆಯದು.

ತಾಮ್ರದ ಕೇಬಲ್ ಬಂದಾಗ, ಎಳೆಯುವ ಮೊದಲೇ ಒಂದು ಮೀಟರ್ ಕತ್ತರಿಸಿ, ಒಂದು ಕೋರ್‌ನ ಪ್ಲಾಸ್ಟಿಕ್ ಸುಲಿದು ತೂಗಿ. 10ರದ್ದು 85ರಿಂದ 90 ಗ್ರಾಂ ಬರಬೇಕು. 70ರ ಹತ್ತಿರ ಬಂದರೆ 8ರ ತಂತಿಯನ್ನು 10 ಎಂದು ಮಾರಿದ್ದಾರೆ. 35ರ ಆಸುಪಾಸು ಬಂದರೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ಗಾಬರಿ ಬೇಡ, ಅದು ತವರ ಲೇಪಿತ ತಾಮ್ರ. ಗೋವೆಯ ಕರಾವಳಿಯಲ್ಲಿ, ಉಪ್ಪುಗಾಳಿ ಬಡಿಯುವ ಕಡೆ ಅದನ್ನೇ ಕೇಳಿ ಹಾಕಿಸಬೇಕು.

ಇನ್ನೂ ಖಾತ್ರಿ ಬೇಕೇ? 10ರ ತಾಮ್ರದ 40 ಮೀಟರ್ ಕೇಬಲ್‌ನ ಎರಡು ಕೋರ್‌ಗಳನ್ನು ದೂರದ ತುದಿಯಲ್ಲಿ ಗಟ್ಟಿಯಾಗಿ ಕೂಡಿಸಿ, ಈ ತುದಿಯಿಂದ ಬೆಂಚ್ ಸಪ್ಲೈನಿಂದ (ಬೇಕಾದಷ್ಟು ಕರೆಂಟ್ ಹೊಂದಿಸಿ ಕೊಡುವ ಉಪಕರಣ) 10 ಆಂಪಿಯರ್ ಡಿಸಿ ಹರಿಸಿ. ಮಲ್ಟಿಮೀಟರ್‌ನ ಕಡ್ಡಿಗಳನ್ನು ಸಪ್ಲೈ ಕ್ಲಿಪ್ ಮೇಲೆ ಇಡದೆ ತಾಮ್ರದ ಮೇಲೆಯೇ ಇಡಿ. 1.6 ವೋಲ್ಟ್‌ನೊಳಗೆ ಇದ್ದರೆ ಸರಿ. 2 ದಾಟಿದರೆ ಕೇಬಲ್ ವಾಪಸ್ ಕಳಿಸಿ. ಸಾಮಾನ್ಯ ಮಲ್ಟಿಮೀಟರ್‌ನ ಓಮ್ ರೇಂಜಿನಲ್ಲಿ ಇಷ್ಟು ಸಣ್ಣ ರೋಧ ನಂಬುವ ಹಾಗೆ ಸಿಗುವುದಿಲ್ಲ.

ಸಂಪರ್ಕ, ಅರ್ತಿಂಗ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನದೇ; ಲೋಡ್ ಹೆಚ್ಚಿಸಲು ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ.

ತೆಗೆದ ಹಳೆಯ ತಾಮ್ರದ ವೈರನ್ನು ಗುತ್ತಿಗೆದಾರನಿಗೆ ಸುಮ್ಮನೆ ಬಿಟ್ಟುಕೊಡಬೇಡಿ. ತೂಗಿಸಿ, ಬಿಲ್ಲಿನಲ್ಲಿ ಕಳೆಯಿಸಿ, ಇಲ್ಲವೇ ನೀವೇ ಗುಜರಿಗೆ ಹಾಕಿ. ಕರಗಿಸಿ ಶುದ್ಧೀಕರಿಸಿದ ತಾಮ್ರ ಹೊಸದರಷ್ಟೇ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಪ್ಲಾಸ್ಟಿಕ್ ಸುಡಲು ಯಾರಿಗೂ ಬಿಡಬೇಡಿ: ಪಿವಿಸಿ ಹೊಗೆ ವಿಷ, ಕಪ್ಪಾದ ತಾಮ್ರಕ್ಕೆ ರೇಟೂ ಕಡಿಮೆ. ಸುಲಿದು ಕೊಟ್ಟರೆ ಹೆಚ್ಚು ಸಿಗುತ್ತದೆ.