ಕಡೇ ಸಲ ಮುಟ್ಟಾಗಿದ್ದು ಯಾವತ್ತು?

ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಎಲ್ಲವೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇರುತ್ತದೆ. ಮುಟ್ಟಾದ ದಿನ ಮಾತ್ರ ಇರುವುದಿಲ್ಲ. ಗೈನಕಾಲಜಿಸ್ಟ್ ಮೊದಲು ಕೇಳುವುದು ಅದನ್ನೇ. ಹಾಗಾಗಿ ಅವರ ಹತ್ತಿರ ಹೋಗುವ ತಯಾರಿ ಅಲ್ಲಿಂದಲೇ ಶುರುವಾಗಲಿ. ರಕ್ತ ಕಂಡ ಮೊದಲ ದಿನಕ್ಕೊಂದು ಚುಕ್ಕಿ, ನಿಂತ ದಿನಕ್ಕೊಂದು ಚುಕ್ಕಿ. ಮೂರು ತಿಂಗಳಲ್ಲಿ ನಿಮ್ಮ ಲೆಕ್ಕ ನಿಮಗೇ ತಿಳಿಯುತ್ತದೆ.

ದೊಡ್ಡವರಲ್ಲಿ 21ರಿಂದ 35 ದಿನಕ್ಕೊಮ್ಮೆ ಮುಟ್ಟಾಗಿ, ಏಳು ದಿನದೊಳಗೆ ನಿಂತರೆ ಗಾಬರಿ ಬೇಡ. ಮೈನೆರೆದ ಮೊದಲ ಒಂದೆರಡು ವರ್ಷ ಹುಡುಗಿಯರಿಗೆ ಲೆಕ್ಕ ತಪ್ಪುವುದು ಮಾಮೂಲು. ಆದರೆ 15 ತುಂಬಿದರೂ ಮೈನೆರೆಯದಿದ್ದರೆ ತೋರಿಸಿ. ಮೂರು ತಿಂಗಳು ಮುಟ್ಟೇ ಆಗದಿದ್ದರೆ, ನೋವಿಗೆ ಪ್ರತಿ ತಿಂಗಳೂ ಶಾಲೆ, ಕೆಲಸ ತಪ್ಪುತ್ತಿದ್ದರೆ, ಬಿಳಿಸೆರಗಿನ ಜೊತೆ ತುರಿಕೆ, ಕೆಟ್ಟ ವಾಸನೆ ಇದ್ದರೆ, ಲೈಂಗಿಕ ಸಂಪರ್ಕದ ನಂತರ ರಕ್ತ ಕಂಡರೆ ಕೂಡ ಹೋಗಬೇಕು.

ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟು ತಪ್ಪಿ, ಕಿಬ್ಬೊಟ್ಟೆಯ ಒಂದು ಪಕ್ಕ ಜೋರು ನೋವು ಬಂದರೂ ಅಷ್ಟೇ. ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ಗರ್ಭ ನಿಂತಿರಬಹುದು.

ಅಮ್ಮಂದಿರ ವಿಷಯ ಬೇರೆಯಾಗಿಯೇ ಹೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. "ಉಷ್ಣ ಆಗಿರಬೇಕು" ಅಂತ ಎಳನೀರು ಕುಡಿದು ಸುಮ್ನಾಗುತ್ತಾರೆ. ಎಷ್ಟೋ ಸಲ ಗರ್ಭಕೋಶದ ಒಳಪದರ ತೆಳುವಾಗಿಯೇ ರಕ್ತ ಬಂದಿರುತ್ತದೆ, ನಿಜ. ಆದರೆ ಗರ್ಭಕೋಶದ ಕ್ಯಾನ್ಸರ್ ಕೂಡ ಸಾಮಾನ್ಯವಾಗಿ ಮೊದಲು ಹೀಗೇ ಕಾಣಿಸಿಕೊಳ್ಳುತ್ತದೆ. ಬೇಗ ಸಿಕ್ಕರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಈ ಭಾನುವಾರ ಫೋನ್ ಮಾಡಿದಾಗ ಅಮ್ಮನನ್ನು ನೇರವಾಗಿಯೇ ಕೇಳಿ.

ಹೊರಡುವ ಮುಂಚೆ ಒಂದು ಚೀಟಿ ಬರೆಯಿರಿ. ಮುಟ್ಟಿನ ದಿನಗಳು, ದಿನಕ್ಕೆ ಎಷ್ಟು ಪ್ಯಾಡ್, ನುಂಗುತ್ತಿರುವ ಮಾತ್ರೆ, ಮೈಗೆ ಆಗದ ಔಷಧ, ಹೆರಿಗೆ, ಗರ್ಭಪಾತ, ಆಪರೇಷನ್. ಹಳೆಯ ರಿಪೋರ್ಟ್ ಜೊತೆಗಿರಲಿ. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಇದ್ದರೆ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಹೋಗಬೇಕಾಗುತ್ತದೆ, ಮೊದಲೇ ಕೇಳಿಕೊಳ್ಳಿ. ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆಯ ಪರೀಕ್ಷೆ) ಮಾಡಿಸುವುದಾದರೆ ಮುಟ್ಟಿಲ್ಲದ ದಿನ ಆರಿಸಿ. ಕೆಳಗಿನ ಕೂದಲು ಬೋಳಿಸಿಕೊಂಡು ಹೋಗುವ ಅಗತ್ಯವೇನೂ ಇಲ್ಲ.

ಒಳಗೆ ಹೋದ ಮೇಲೆ "ಕೆಳಗೆ ಏನೋ ಒಂಥರಾ" ಅನ್ನಬೇಡಿ. ಎಲ್ಲಿ ನೋವು, ಯಾವಾಗ, ಎಷ್ಟು ದಿನದಿಂದ, ಬಿಡಿಸಿ ಹೇಳಿ. ಅತ್ತೆಯೋ ಗಂಡನೋ ಜೊತೆಗಿದ್ದು ಬಾಯಿ ಕಟ್ಟಿದಂತಾದರೆ, "ಡಾಕ್ಟ್ರೇ, ಐದು ನಿಮಿಷ ಒಬ್ಬಳೇ ಮಾತಾಡಬೇಕು" ಎನ್ನಿ. ಮದುವೆಯಾಗಿರಲಿ, ಆಗದಿರಲಿ, ಲೈಂಗಿಕ ಸಂಪರ್ಕದ ಪ್ರಶ್ನೆಗೆ ನಿಜವನ್ನೇ ಹೇಳಿ. ಯಾವ ಪರೀಕ್ಷೆ, ಯಾವ ಔಷಧ ಅನ್ನುವುದು ಅದರ ಮೇಲೆ ನಿಂತಿದೆ. ಒಳಪರೀಕ್ಷೆ ಯಾಕೆ ಎಂದು ಕೇಳಬಹುದು, ನರ್ಸ್ ಜೊತೆಗಿರಲಿ ಅನ್ನಬಹುದು, ಬೇಡ ಅಂತಲೂ ಹೇಳಬಹುದು.

ಬಿಳಿಸೆರಗು, ಜಾಸ್ತಿ ರಕ್ತ ಎಂದು ಹೋದವರಿಗೆ ಮೊದಲ ದಿನವೇ "ಗರ್ಭಕೋಶ ತೆಗೆಸಿಬಿಡಿ" ಅಂದರೆ ಅಲ್ಲಿಯೇ ಹೂಂ ಅನ್ನಬೇಡಿ. ಸ್ಕ್ಯಾನಿನಲ್ಲಿ ಏನಿದೆ, ಮಾತ್ರೆಯಲ್ಲಿ ಆಗುವುದಿಲ್ಲವಾ ಎಂದು ಕೇಳಿ. ರಿಪೋರ್ಟ್ ತೆಗೆದುಕೊಂಡು ಇನ್ನೊಬ್ಬ ಡಾಕ್ಟರಿಗೂ ತೋರಿಸಿ, ಆಮೇಲೆ ತೀರ್ಮಾನ ಮಾಡಿ.