ಸಂಶೋಧನೆಯನ್ನು ಉದ್ಯಮವಾಗಿಸುವ ವೃತ್ತಿಗೆ ಇಳಿಯುವವರಿಗೆ

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಹದಿನೈದು ಕೆ.ಜಿ.ಯ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. 2023ರ ಜುಲೈಯಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನು ಕಂಡ ರೈತರೇ, ಬೇರೆ ವರ್ಷಗಳಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದಿದ್ದಾರೆ. ಈ ಏರಿಳಿತವನ್ನು ನೋಡಿ, ಟೊಮೆಟೊ ಒಣಗಿಸಿ ಪುಡಿ ಮಾಡುವ ಹೊಸ ವಿಧಾನವೊಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬರುವ ವಿದ್ಯಾರ್ಥಿಗಳು ಅನೇಕರು. ಪ್ರಯೋಗಾಲಯಕ್ಕೂ ಮಾರುಕಟ್ಟೆಗೂ ನಡುವೆ ಓಡಾಡುವ ಈ ವೃತ್ತಿಯನ್ನು ಹಿಡಿಯಬೇಕೆಂದಿರುವವರು ಅಂಥ ವಿಧಾನವನ್ನು ಕೈಗೆತ್ತಿಕೊಂಡ ಮೇಲೆ ಯಾವ ಕ್ರಮದಲ್ಲಿ ಮುಂದುವರಿಯಬೇಕೆಂಬುದನ್ನು ಅದೇ ಟೊಮೆಟೊ ಪುಡಿಯ ಮೂಲಕ ವಿವರಿಸುತ್ತೇನೆ.

ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆಯಬೇಕು. ಟೊಮೆಟೊದಲ್ಲಿ ಸುಮಾರು ಶೇ 94ರಷ್ಟು ನೀರೇ ಇರುವುದರಿಂದ ಒಂದು ಕೆ.ಜಿ. ಪುಡಿಗೆ, ಕೊಳೆತದ್ದನ್ನು ಆಯ್ದು ತೆಗೆದ ಮೇಲೆ, ಹದಿನಾರು ಕೆ.ಜಿ.ಯಷ್ಟು ಹಣ್ಣು ಬೇಕು. ಅಂದರೆ ಮಂಡಿಯ ಒಂದು ಬಾಕ್ಸ್‌ಗಿಂತ ತುಸು ಹೆಚ್ಚು. ಅದರಿಂದ ಹದಿನೈದು ಲೀಟರ್ ನೀರನ್ನು ಆವಿಯಾಗಿಸಬೇಕು. ಲೀಟರ್ ನೀರು ಆವಿಯಾಗಲು ಕನಿಷ್ಠ 0.63 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕಾಗುತ್ತದೆ; ಬಿಸಿಗಾಳಿಯ ಡ್ರೈಯರ್‌ನಲ್ಲಿ ವ್ಯರ್ಥವಾಗುವ ಶಾಖವನ್ನೂ ಸೇರಿಸಿ ಅದರ ಎರಡರಷ್ಟು ಹಿಡಿದರೆ ಕೆ.ಜಿ. ಪುಡಿಗೆ ಹತ್ತೊಂಬತ್ತು ಯೂನಿಟ್ ಆಯಿತು. ಯೂನಿಟ್‌ಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ, ಬಾಕ್ಸ್ ನೂರು ರೂಪಾಯಿಗೆ ಸಿಕ್ಕ ದಿನ ಹಣ್ಣಿಗಿಂತ ವಿದ್ಯುತ್ತಿನ ಖರ್ಚೇ ಹೆಚ್ಚು. ಬಾಕ್ಸ್ ಸಾವಿರ ದಾಟಿದ ದಿನ ಘಟಕಕ್ಕೆ ಬೀಗ ಹಾಕಬೇಕಾಗುತ್ತದೆ. ಪ್ರಬಂಧದಲ್ಲಿ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪಿನ್ ಎಷ್ಟು ಉಳಿಯಿತೆಂದು ಬರೆದಿರುತ್ತಾರೆಯೇ ಹೊರತು ವರ್ಷದಲ್ಲಿ ಎಷ್ಟು ದಿನ ಡ್ರೈಯರ್ ಓಡಿದರೆ ಸಾಲ ತೀರುತ್ತದೆಂದು ಯಾರೂ ಬರೆದಿರುವುದಿಲ್ಲ. ಆ ಅಂಕಿಯನ್ನು ಹುಡುಕುವುದು ನಿಮ್ಮ ಕೆಲಸ. ಇಂಧನವನ್ನು ಉಳಿಸದ ವಿಧಾನ ಎಷ್ಟೇ ಹೊಸದಾಗಿದ್ದರೂ ನಾನು ಅದನ್ನು ಇಲ್ಲಿಗೇ ಬಿಟ್ಟುಬಿಡುತ್ತೇನೆ.

ಲೆಕ್ಕ ಹೊಂದಿಕೊಂಡರೆ ಕೊಳ್ಳುವವರನ್ನು ನೋಡಬೇಕು. ಸೂಪ್ ಮಿಶ್ರಣ, ಮಸಾಲೆ ಪುಡಿ ಮಾಡುವವರು ಕೇಳುವುದು ತೇವಾಂಶ, ಬಣ್ಣ, ಸೂಕ್ಷ್ಮಾಣುಗಳ ಪ್ರಮಾಣ ಮತ್ತು ತಿಂಗಳು ತಿಂಗಳು ತಪ್ಪದೆ ಬರುವ ಸರಕು. ಒಮ್ಮೆ ಫೆಬ್ರುವರಿಯಲ್ಲಿ ತಯಾರಾದ ಮಾದರಿಗಳನ್ನು ಸಾಧಾರಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ ಕಪಾಟಿನಲ್ಲಿ ಇಟ್ಟಿದ್ದೆ. ಜುಲೈಯಲ್ಲಿ ಮಸಾಲೆ ತಯಾರಕರೊಬ್ಬರ ಮುಂದೆ ಮುಚ್ಚಳ ತೆಗೆದು ಡಬ್ಬಿಯನ್ನು ಬೋರಲು ಹಾಕಿದರೆ ಒಂದು ಚಿಟಿಕೆಯೂ ಬೀಳಲಿಲ್ಲ; ಅವರು ಪೆನ್ನಿನ ತುದಿಯಿಂದ ಕುಕ್ಕಿದಾಗ ಪುಡಿ ಬೆಲ್ಲದ ಅಚ್ಚಿನಂತೆ ತುಂಡಾಗಿ ಎದ್ದಿತು. ಟೊಮೆಟೊದ ಸಕ್ಕರೆ ಮತ್ತು ಆಮ್ಲಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಪಿಷ್ಟದಿಂದ ತಯಾರಿಸುವ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದರೆ, ತೇವ ನುಗ್ಗದ ಪದರದ ಪೊಟ್ಟಣ ಬಳಸಿದರೆ ಇದನ್ನು ತಡೆಯಬಹುದು. ಆದರೆ ಎರಡೂ ಖರ್ಚಿನ ಹಾಳೆಗೆ ಸೇರುತ್ತವೆ. ಅಂದಿನಿಂದ ಒಂದು ಮಳೆಗಾಲ ಕಳೆಯದ ಮಾದರಿಯನ್ನು ನಾನು ಯಾರಿಗೂ ತೋರಿಸುವುದಿಲ್ಲ.

ಇಷ್ಟಾದ ಮೇಲೆ ಪೇಟೆಂಟ್. ಪ್ರಬಂಧ ಪ್ರಕಟವಾಗುವ ಮುನ್ನವೇ ಅರ್ಜಿ ಸಲ್ಲಿಸಬೇಕು, ಏಕೆಂದರೆ ಪ್ರಕಟವಾದದ್ದು ಸಾಮಾನ್ಯವಾಗಿ ಹೊಸದೆನಿಸಿಕೊಳ್ಳುವುದಿಲ್ಲ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಪೇಟೆಂಟ್ ಸಿಕ್ಕರೆ ಅದರ ಅವಧಿ ಅರ್ಜಿಯ ದಿನದಿಂದ ಇಪ್ಪತ್ತು ವರ್ಷ. ಸ್ಥಳೀಯ ಮಣ್ಣಿನಿಂದ ಪ್ರತ್ಯೇಕಿಸಿದ ಸೂಕ್ಷ್ಮಾಣುವಿನಂಥ ಜೈವಿಕ ಸಂಪನ್ಮೂಲ ನಿಮ್ಮ ವಿಧಾನದಲ್ಲಿದ್ದರೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ಷರತ್ತುಗಳನ್ನೂ ನೋಡಿಕೊಳ್ಳಬೇಕು. ಹಕ್ಕು ವಿದ್ಯಾರ್ಥಿಯದೋ ಸಂಸ್ಥೆಯದೋ ಎಂಬುದನ್ನು ಮೊದಲ ದಿನವೇ ಬರವಣಿಗೆಯಲ್ಲಿ ಪಡೆಯದೆ ಮುಂದಿನ ಹೆಜ್ಜೆ ಇಡಬಾರದು.

ಹೊಸ ಕಂಪನಿ ಕಟ್ಟುವುದೇ ಅಥವಾ ಇರುವ ಉದ್ಯಮಿಗೆ ಪರವಾನಗಿ ಕೊಡುವುದೇ ಎಂಬ ಪ್ರಶ್ನೆಗೆ, ನಮ್ಮ ಜಿಲ್ಲೆಗಳ ಆಹಾರ ಮತ್ತು ತೋಟಗಾರಿಕೆಯ ಮಟ್ಟಿಗೆ, ಪರವಾನಗಿಯೇ ಮೇಲೆಂಬುದು ನನ್ನ ಅಭಿಪ್ರಾಯ. 1950ರಲ್ಲಿ ಸ್ಥಾಪನೆಯಾದ, ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ತನ್ನ ತಂತ್ರಜ್ಞಾನಗಳನ್ನು ಶುಲ್ಕ ಪಡೆದು ಉದ್ಯಮಿಗಳಿಗೆ ಕೊಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಹಾಗೆಯೇ. ಈ ವೃತ್ತಿಯನ್ನು ಕಲಿಯಬೇಕೆಂದಿರುವವರು ಅಂಥ ಕಡೆ ಒಂದೆರಡು ವರ್ಷ ಒಪ್ಪಂದಗಳ ಕರಡು ಓದುತ್ತಾ ಕಳೆದರೆ ಯಾವ ಎಂಬಿಎ ಕೊಡದ ವಿದ್ಯೆ ಸಿಗುತ್ತದೆ. ತುಮಕೂರಿನ ‘ಸಿದ್ದು’ ಎಂಬ ಹಲಸಿನ ತಳಿಯ ಒಪ್ಪಂದವನ್ನು ಅವಶ್ಯವಾಗಿ ನೋಡಬೇಕು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಹೊಲದಲ್ಲಿದ್ದ ತಾಮ್ರಗೆಂಪು ತೊಳೆಯ ಮರವನ್ನು ತೋಟಗಾರಿಕಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರ ಗುರುತಿಸಿ, ಕಸಿ ಸಸಿಗಳನ್ನು ಬೆಳೆಸಿ, ಮಾರಾಟದ ಹಣದಲ್ಲಿ ಶೇ 75ನ್ನು ರೈತರಿಗೇ ಕೊಡುವಂತೆ ಒಪ್ಪಂದ ಮಾಡಿಕೊಂಡಿತು. ಮೂಲ ವಸ್ತು ಯಾರದೆಂಬುದನ್ನು ಅಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಒಪ್ಪಂದಗಳು ವಿರಳ.

ಹಣದ ವಿಚಾರ ಚಿಕ್ಕದು. ಜೈವಿಕ ತಂತ್ರಜ್ಞಾನದ ಆರಂಭಿಕ ಕಲ್ಪನೆಗಳಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಸಂಸ್ಥೆಯಾದ ಬೈರಾಕ್‌ನ ಬಿಗ್ ಅನುದಾನ 50 ಲಕ್ಷ ರೂಪಾಯಿವರೆಗೆ ಇದೆ; ಪರವಾನಗಿ ಪಡೆದ ಕಿರು ಘಟಕಕ್ಕೆ 2020ರಲ್ಲಿ ಆರಂಭವಾದ, ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಹಾಯಧನ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಸಹಾಯಧನವನ್ನು ವೆಚ್ಚದಿಂದ ಕಳೆದ ಮೇಲಷ್ಟೇ ಲಾಭ ಕಾಣುವ ಲೆಕ್ಕವನ್ನು ಮಾತ್ರ ನಂಬಬೇಡಿ.

ಇನ್ನು ಪರವಾನಗಿ ಶುಲ್ಕವನ್ನು ಒಂದೇ ಸಲಕ್ಕೆ ಕೇಳಬಾರದು. ಸಹಿಯ ದಿನ ಒಂದು ಕಂತು, ಉಳಿದದ್ದು ಘಟಕ ಓಡಿದ ಮೇಲೆ, ಆಮೇಲೆ ಮಾರಾಟದ ಮೇಲೆ ರಾಯಧನ. ಎರಡು ವರ್ಷ ಉತ್ಪಾದನೆಯೇ ಆಗದಿದ್ದರೆ ಪರವಾನಗಿ ರದ್ದಾಗುತ್ತದೆಂಬ ಷರತ್ತನ್ನೂ ಬರೆಸಿ. ಪ್ರಯೋಗಾಲಯದಲ್ಲಿ ಎರಡು ಕೆ.ಜಿ.ಗೆ ಒಲಿದ ವಿಧಾನ ಇನ್ನೂರು ಕೆ.ಜಿ.ಗೆ ಒಲಿಯದಿರುವುದು ಸಾಮಾನ್ಯ. ತಟ್ಟೆಗಳ ನಡುವೆ ಗಾಳಿ ಸಮನಾಗಿ ಹರಿಯದೆ ಅಂಚು ಕಪ್ಪಾಗಿ ನಡುವೆ ಹಸಿ ಉಳಿದಿರುತ್ತದೆ. ಆದ್ದರಿಂದ ಮೊದಲ ಮಳೆಗಾಲದ ನಡುವೆ ನೀವೇ ಘಟಕಕ್ಕೆ ಹೋಗಿ, ಗೋದಾಮಿನ ಹಳೆಯ ಪೊಟ್ಟಣವೊಂದನ್ನು ತೆರೆದು ಕಾಗದದ ಮೇಲೆ ಸುರಿದು ನೋಡಿ. ಪುಡಿ ಪುಡಿಯಾಗಿಯೇ ಬಿದ್ದರೆ ಎರಡನೆಯ ಕಂತನ್ನು ಅಲ್ಲೇ ಕೇಳಬಹುದು.